ಮ್ಯಾಮೊಗ್ರಾಂ ಆದ ಮೇಲೆ ಮತ್ತೆ ಬರಲು ಹೇಳಿದರೆ: ದಾವಣಗೆರೆ, ಚಿತ್ರದುರ್ಗ ಭಾಗದ ಮಹಿಳೆಯರಿಗೆ ಸಮಗ್ರ ಮಾರ್ಗದರ್ಶಿ

ತೊಂದರೆ ಏನೂ ಇಲ್ಲದಿದ್ದರೂ ವಯಸ್ಸಾಯಿತೆಂದು ಮಾಡಿಸಿದ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಮುಗಿದು ಒಂದೆರಡು ದಿನಗಳಲ್ಲಿ ‘ಇನ್ನೊಮ್ಮೆ ಬರಬೇಕಾಗುತ್ತದೆ, ಬೇರೆ ಪರೀಕ್ಷೆ ಇದೆ’ ಎಂಬ ಮಾತು ಬಂದಾಗ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ಒಂದೋ ಅದು ಕ್ಯಾನ್ಸರೇ ಎಂದು ತೀರ್ಮಾನಿಸಿ ಅಂದು ರಾತ್ರಿಯಿಂದಲೇ ಊಟ, ನಿದ್ದೆ ಬಿಡಲಾಗುತ್ತದೆ; ಇಲ್ಲವೇ ‘ಕೈಗೆ ಗಂಟೇನೂ ಸಿಗುತ್ತಿಲ್ಲ, ನೋವೂ ಇಲ್ಲ, ಮೆಕ್ಕೆಜೋಳದ ಕೊಯ್ಲು ಮುಗಿಯಲಿ, ಆಮೇಲೆ ನೋಡಿದರಾಯಿತು’ ಎಂದು ರಿಪೋರ್ಟಿನ ಕವರನ್ನು ಬೀರುವಿನ ಮೇಲೆ ಇಟ್ಟುಬಿಡಲಾಗುತ್ತದೆ. ಮೊದಲನೆಯದರಿಂದ ಕೆಲವು ದಿನ ಮನಸ್ಸು ಕೆಡುತ್ತದೆ, ಎರಡನೆಯದರಿಂದ ಪ್ರಾಣಕ್ಕೇ ಸಂಚಕಾರ ಬರಬಹುದು. ಮತ್ತೆ ಕರೆದಿದ್ದಾರೆ ಎಂದರೆ ಚಿತ್ರ ನೋಡಿದ ರೇಡಿಯಾಲಜಿಸ್ಟ್‌ಗೆ ಒಂದು ಪ್ರಶ್ನೆ ಉಳಿದಿದೆ ಎಂದರ್ಥ. ಆ ಪ್ರಶ್ನೆ ಯಾವುದೆಂದು ತಿಳಿದುಕೊಂಡು, ಅದಕ್ಕೆ ಬರಹದಲ್ಲಿ ಉತ್ತರ ಕೈಗೆ ಬರುವವರೆಗೆ ಬೆನ್ನು ಬಿಡದಿರುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಇಲ್ಲಿನ ಮಾತುಗಳು ಯಾವ ಲಕ್ಷಣವೂ ಇಲ್ಲದೆ ತಪಾಸಣೆಗೆ ಹೋದವರನ್ನು ಉದ್ದೇಶಿಸಿವೆ. ಸ್ತನದಲ್ಲಿ ಅಥವಾ ಕಂಕುಳಿನಲ್ಲಿ ಗಂಟು, ತೊಟ್ಟಿನಿಂದ ರಕ್ತ ಬೆರೆತ ಸ್ರಾವ, ಹೊಸದಾಗಿ ಒಳಕ್ಕೆ ಎಳೆದುಕೊಂಡ ತೊಟ್ಟು, ಕಿತ್ತಳೆ ಸಿಪ್ಪೆಯಂತಾದ ಚರ್ಮ ಇವುಗಳಲ್ಲಿ ಯಾವುದಾದರೂ ಇದ್ದು ಹೋದವರು ಮ್ಯಾಮೊಗ್ರಾಂ ಚೆನ್ನಾಗಿಯೇ ಬಂದಿದ್ದರೂ ಶಸ್ತ್ರಚಿಕಿತ್ಸಾ ತಜ್ಞರನ್ನು ಕಾಣಲೇಬೇಕು, ಏಕೆಂದರೆ ಕೆಲವು ಕ್ಯಾನ್ಸರ್‌ಗಳು ಮ್ಯಾಮೊಗ್ರಾಂನಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಮೊದಲ ಹೆಜ್ಜೆ: ರಿಪೋರ್ಟಿನ ಕೊನೆಯ ಸಾಲನ್ನು ಓದುವುದು

ನಮ್ಮ ಕಡೆ ಫಿಲ್ಮ್ ಮತ್ತು ರಿಪೋರ್ಟ್ ಎರಡನ್ನೂ ರೋಗಿಯ ಕೈಗೇ ಕೊಡುವ ರೂಢಿ ಇದೆ. ಆದ್ದರಿಂದ ಹಲವರಿಗೆ ‘ಮತ್ತೆ ಬನ್ನಿ’ ಎಂಬ ಕರೆ ಫೋನಿನಲ್ಲಿ ಬರುವುದೇ ಇಲ್ಲ. ಅದು ಕವರಿನೊಳಗಿನ ಇಂಗ್ಲಿಷ್ ವಾಕ್ಯವೊಂದರಲ್ಲಿ ಕುಳಿತಿರುತ್ತದೆ. ರಿಪೋರ್ಟಿನ ಕೊನೆಯಲ್ಲಿ ‘ಇಂಪ್ರೆಷನ್’ ಎಂಬ ಶೀರ್ಷಿಕೆಯ ಕೆಳಗೆ ‘ಬೈರ್ಯಾಡ್ಸ್’ (BI-RADS) ಎಂಬ ಪದವೂ ಅದರ ಮುಂದೆ 0ಯಿಂದ 6ರವರೆಗಿನ ಒಂದು ಅಂಕಿಯೂ ಇರುತ್ತದೆ. ಇದು ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ರೂಪಿಸಿದ ವರ್ಗೀಕರಣ. ಜಗತ್ತಿನ ಹಲವೆಡೆ ಇದೇ ಬಳಕೆಯಲ್ಲಿದೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳು ಆಗುತ್ತವೆ. ಅಂಕಿ 0 ಇರುವುದನ್ನು ನೋಡಿ ‘ಸೊನ್ನೆ, ಅಂದರೆ ಏನೂ ಇಲ್ಲ’ ಎಂದು ನೆಮ್ಮದಿಯಾಗುವವರಿದ್ದಾರೆ. ವಾಸ್ತವದಲ್ಲಿ 0 ಎಂದರೆ ಪರೀಕ್ಷೆ ಅಪೂರ್ಣ, ಇನ್ನಷ್ಟು ಚಿತ್ರ ಬೇಕು ಅಥವಾ ಹಳೆಯ ಚಿತ್ರದೊಂದಿಗೆ ಹೋಲಿಸಬೇಕು ಎಂದರ್ಥ. ತಪಾಸಣೆಯ ನಂತರ ಮತ್ತೆ ಕರೆಸಿಕೊಳ್ಳುವವರಲ್ಲಿ ಬಹುತೇಕರ ರಿಪೋರ್ಟಿನಲ್ಲಿ ಇರುವುದು ಇದೇ ಅಂಕಿ. ಇನ್ನು ಅಂಕಿ 4 ಇರುವುದನ್ನು ‘ನಾಲ್ಕನೇ ಸ್ಟೇಜ್’ ಎಂದು ಓದಿಕೊಂಡು ಕುಸಿಯುವವರಿದ್ದಾರೆ. ಕ್ಯಾನ್ಸರ್‌ನ ಹಂತಕ್ಕೂ ಈ ಅಂಕಿಗೂ ಯಾವ ಸಂಬಂಧವೂ ಇಲ್ಲ. 1 ಎಂದರೆ ಸಹಜ, 2 ಎಂದರೆ ನಿರಪಾಯಕಾರಿಯಾದ ಏನೋ ಒಂದು ಕಂಡಿದೆ. 3 ಎಂದರೆ ಬಹುತೇಕ ನಿರಪಾಯಕಾರಿ, ಕ್ಯಾನ್ಸರ್ ಇರುವ ಸಾಧ್ಯತೆ ಶೇಕಡ 2ಕ್ಕಿಂತ ಹೆಚ್ಚಿಲ್ಲ. 4 ಎಂದರೆ ಅನುಮಾನಾಸ್ಪದ, ಬಯಾಪ್ಸಿ (ಆ ಜಾಗದ ಚೂರು ತೆಗೆದು ಮಾಡುವ ಪರೀಕ್ಷೆ) ಬೇಕು. ಇದರೊಳಗೇ ಶೇಕಡ 2ರಿಂದ 10ರವರೆಗಿನ ಸಾಧ್ಯತೆಗೆ 4ಎ, 50ರವರೆಗೆ 4ಬಿ, 95ರವರೆಗೆ 4ಸಿ ಎಂಬ ವಿಭಾಗಗಳಿವೆ. 5 ಎಂದರೆ ಸಾಧ್ಯತೆ ಶೇಕಡ 95ಕ್ಕೂ ಮೇಲೆ. ಬಯಾಪ್ಸಿಯಿಂದ ಈಗಾಗಲೇ ಖಚಿತವಾದ ಕ್ಯಾನ್ಸರ್‌ಗೆ ಮಾತ್ರ 6 ಎಂದು ಬರೆಯುತ್ತಾರೆ.

ಕ್ರಮವಾಗಿ ತಪಾಸಣೆ ನಡೆಯುವ ಅಮೆರಿಕದಂಥ ದೇಶದ ಲೆಕ್ಕದಲ್ಲಿ 1000 ಮಹಿಳೆಯರಲ್ಲಿ ಸುಮಾರು 100 ಮಂದಿಯನ್ನು ಮತ್ತೆ ಕರೆಯುತ್ತಾರೆ, ಅವರಲ್ಲಿ ಸುಮಾರು 20 ಮಂದಿಗೆ ಬಯಾಪ್ಸಿ ಸೂಚಿಸುತ್ತಾರೆ, ಕ್ಯಾನ್ಸರ್ ಪತ್ತೆಯಾಗುವುದು ಸುಮಾರು 5 ಮಂದಿಯಲ್ಲಿ. ಈ ಲೆಕ್ಕ ಲಕ್ಷಣವಿಲ್ಲದೆ ಹೋದವರದು ಎಂಬುದನ್ನು ಮರೆಯಬಾರದು. ಗಂಟು ಇಟ್ಟುಕೊಂಡು ಹೋದವರು ಇದನ್ನು ಹಿಡಿದು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಎರಡನೆಯ ಹೆಜ್ಜೆ: ಪ್ರಶ್ನೆ ಯಾವುದೆಂದು ಕೇಳಿ ಬರೆದುಕೊಳ್ಳುವುದು

ಫೋನಿನಲ್ಲಿ ಕರೆ ಬಂದಿದ್ದರೆ ಯಾವ ಬದಿಯ ಸ್ತನ, ಏನು ಕಂಡಿದೆ, ಮುಂದೆ ಯಾವ ಪರೀಕ್ಷೆ ಎಂಬ ಮೂರನ್ನು ಕೇಳಿ ಅಲ್ಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆರೋಗ್ಯ ಶಿಬಿರಗಳಲ್ಲಿ ಹೆಸರು ಬರೆಸುವಾಗ ಬಹಳಷ್ಟು ಮಹಿಳೆಯರು ಗಂಡನ ಅಥವಾ ಮಗನ ಮೊಬೈಲ್ ನಂಬರ್ ಕೊಟ್ಟಿರುತ್ತಾರೆ. ಕರೆ ಬಂದಾಗ ಮಗ ಹೊಲದಲ್ಲೋ ಬೈಕಿನ ಮೇಲೋ ಇರುತ್ತಾನೆ, ‘ಅಮ್ಮನಿಗೆ ಹೇಳ್ತೀನಿ’ ಎಂದವನು ಮರೆತೇಬಿಡುತ್ತಾನೆ. ಆದ್ದರಿಂದ ಶಿಬಿರದಲ್ಲಿ ಪರೀಕ್ಷೆ ಮಾಡಿಸಿಕೊಂಡು ಎರಡು ವಾರವಾದರೂ ಸುದ್ದಿ ಬರದಿದ್ದರೆ ‘ಸುದ್ದಿ ಇಲ್ಲ ಎಂದರೆ ಎಲ್ಲ ಸರಿಯಿದೆ’ ಎಂದುಕೊಳ್ಳದೆ ನೀವೇ ಹೋಗಿ ರಿಪೋರ್ಟ್ ಕೇಳಿ ಪಡೆಯಬೇಕು. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಅವರ ನೆರವೂ ಸಿಗುತ್ತದೆ.

ಕರೆಯುವುದಕ್ಕೆ ಅತಿ ಸಾಮಾನ್ಯವಾದ ಕಾರಣ ತೀರಾ ಸಾದಾ ಆದದ್ದು. ಪ್ರತಿ ಸ್ತನವನ್ನೂ ಮೇಲಿನಿಂದ ಒಂದು, ಓರೆಯಾಗಿ ಒಂದು ಎಂದು ಎರಡೆರಡು ಚಿತ್ರ ತೆಗೆಯುತ್ತಾರೆ. ಸ್ತನದ ಸಹಜ ಅಂಗಾಂಶವೇ ಚಿತ್ರದಲ್ಲಿ ಒಂದರ ಮೇಲೊಂದು ಬಿದ್ದು ಗಂಟಿನಂತೆ ತೋರಬಹುದು. ಕೊಬ್ಬು ಕಡಿಮೆಯಿದ್ದು ಗ್ರಂಥಿಯ ಅಂಗಾಂಶ ಹೆಚ್ಚಿರುವ ಸಾಂದ್ರ ಸ್ತನದಲ್ಲಿ ಇದು ಇನ್ನೂ ಹೆಚ್ಚು. ಅಂಥ ಅಂಗಾಂಶವೂ ಬಿಳಿ, ಗಡ್ಡೆಯೂ ಬಿಳಿಯಾಗಿ ಕಾಣುವುದರಿಂದ ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದು ಕಷ್ಟ. ಮೊದಲ ಬಾರಿಗೆ ಮ್ಯಾಮೊಗ್ರಾಂ ಮಾಡಿಸಿಕೊಂಡವರನ್ನು ಮತ್ತೆ ಕರೆಯುವ ಸಂಭವವೂ ಹೆಚ್ಚು, ಏಕೆಂದರೆ ಹೋಲಿಸಿ ನೋಡಲು ಹಳೆಯ ಚಿತ್ರವೇ ಇರುವುದಿಲ್ಲ. ಇವಲ್ಲದೆ ನೀರುಗುಳ್ಳೆ, ಫೈಬ್ರೊಅಡಿನೋಮಾ ಎಂಬ ನಿರಪಾಯಕಾರಿ ಗಂಟು, ಸ್ತನದೊಳಗಿನ ಸಣ್ಣ ದುಗ್ಧರಸ ಗ್ರಂಥಿ (ಲಿಂಫ್ ನೋಡ್) ಇವೂ ಕಾರಣವಾಗುತ್ತವೆ.

ರಿಪೋರ್ಟಿನಲ್ಲಿ ‘ಕ್ಯಾಲ್ಸಿಫಿಕೇಷನ್’ ಎಂದು ಬರೆದಿದ್ದು, ಅದನ್ನು ಯಾರೋ ‘ಸುಣ್ಣದ ಕಣ’ ಎಂದು ಬಿಡಿಸಿ ಹೇಳಿದಾಗ ಎಲೆ ಅಡಿಕೆ ಹಾಕುವ ಹಿರಿಯರು ‘ನಾನು ತಿಂದ ಸುಣ್ಣವೇ ಹೋಗಿ ಅಲ್ಲಿ ಕೂತಿತೇ’ ಎಂದು ಕೇಳುವುದುಂಟು. ಇಲ್ಲ. ಎಲೆಗೆ ಹಚ್ಚುವ ಸುಣ್ಣಕ್ಕಾಗಲಿ, ಮೂಳೆ ಗಟ್ಟಿಯಾಗಲೆಂದು ನುಂಗುವ ಕ್ಯಾಲ್ಸಿಯಂ ಮಾತ್ರೆಗಾಗಲಿ, ರಾಗಿ ಮುದ್ದೆಗಾಗಲಿ ಇದರೊಂದಿಗೆ ಸಂಬಂಧವಿಲ್ಲ. (ಅಡಿಕೆ, ಹೊಗೆಸೊಪ್ಪು ಬಾಯಿ ಕ್ಯಾನ್ಸರ್‌ಗೆ ಕಾರಣವೆಂಬುದು ಬೇರೆಯೇ ಮಾತು, ಅದಕ್ಕಾಗಿ ಬಿಟ್ಟರೆ ಒಳ್ಳೆಯದೇ.) ದಪ್ಪನೆಯ, ಚದುರಿದ ಕಣಗಳು ಸಾಮಾನ್ಯವಾಗಿ ವಯಸ್ಸಿನ ಗುರುತು. ಅತಿ ಸೂಕ್ಷ್ಮವಾದ, ಒಂದೊಂದು ಒಂದೊಂದು ಆಕಾರದ ಕಣಗಳು ಒಂದೇ ಕಡೆ ಗುಂಪಾಗಿದ್ದರೆ ಮಾತ್ರ ಹಾಲಿನ ನಾಳದೊಳಗೇ ಇರುವ ಆರಂಭದ ಕ್ಯಾನ್ಸರ್ ಇರಬಹುದೇ ಎಂದು ನೋಡಬೇಕಾಗುತ್ತದೆ. ಇವು ಕೈಗೆ ಸಿಗುವಂಥವಲ್ಲವಾದ್ದರಿಂದ ‘ಗಂಟಿಲ್ಲವಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಮೂರನೆಯ ಹೆಜ್ಜೆ: ದಿನ ಗೊತ್ತು ಮಾಡುವುದು, ಕಾಗದಪತ್ರ ಜೋಡಿಸುವುದು

ಇದು ರಾತ್ರೋರಾತ್ರಿ ಓಡಬೇಕಾದ ತುರ್ತಲ್ಲ. ಹಾಗೆಂದು ಜಾತ್ರೆ, ಮದುವೆ, ಕೊಯ್ಲು ಎಂದು ತಿಂಗಳುಗಟ್ಟಲೆ ಮುಂದೂಡುವಂಥದ್ದೂ ಅಲ್ಲ. ಒಂದೆರಡು ವಾರದೊಳಗೆ ಹೋಗುವಂತೆ ನೋಡಿಕೊಳ್ಳಿ. ಮುಟ್ಟು ಇನ್ನೂ ನಿಲ್ಲದವರಿಗೆ ಮುಟ್ಟು ಮುಗಿದ ಮರುವಾರ ಸೂಕ್ತ, ಆಗ ಸ್ತನದ ಬಾವು ಇಳಿದು ಒತ್ತುವಾಗ ನೋವು ಕಡಿಮೆಯಾಗುತ್ತದೆ.

ಮೊಳಕಾಲ್ಮುರು, ಜಗಳೂರು, ಹೊಸದುರ್ಗದಂಥ ದೂರದ ಊರುಗಳಿಂದ ಬರುವವರು ಬಸ್ಸು ಹತ್ತುವ ಮೊದಲು ಫೋನ್ ಮಾಡಿ ಆ ದಿನ ರೇಡಿಯಾಲಜಿಸ್ಟ್ ಇರುತ್ತಾರೆಯೇ, ಹೆಚ್ಚಿನ ಮ್ಯಾಮೊಗ್ರಾಂ ಚಿತ್ರ ಮತ್ತು ಸ್ತನದ ಸ್ಕ್ಯಾನಿಂಗ್ ಎರಡೂ ಒಂದೇ ದಿನ ಮುಗಿಯುತ್ತವೆಯೇ, ಬಯಾಪ್ಸಿ ಬೇಕೆಂದಾದರೆ ಅಲ್ಲಿಯೇ ಆಗುತ್ತದೆಯೇ ಎಂದು ವಿಚಾರಿಸಬೇಕು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆ, ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ, ಬಸವೇಶ್ವರ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವು ವಿಚಾರಿಸಬಹುದಾದ ಮೊದಲ ಜಾಗಗಳು. ಸಾಧ್ಯವಾದಷ್ಟೂ ಮೊದಲ ಮ್ಯಾಮೊಗ್ರಾಂ ಮಾಡಿದ ಕಡೆಗೇ ಹೋಗುವುದು ಒಳಿತು; ಬೇರೆ ಕಡೆ ಹೋಗುವುದಾದರೆ ರಿಪೋರ್ಟಿನ ಜೆರಾಕ್ಸ್ ಸಾಲದು, ಮೂಲ ಫಿಲ್ಮ್ ಅಥವಾ ಸಿ.ಡಿ. ಬೇಕು. ಮೊಬೈಲ್‌ನಲ್ಲಿ ತೆಗೆದ ಫಿಲ್ಮಿನ ಫೋಟೋದಲ್ಲಿ ಸೂಕ್ಷ್ಮ ಕಣಗಳು ಕಾಣುವುದಿಲ್ಲ. ಹಿಂದಿನ ವರ್ಷಗಳ ಫಿಲ್ಮ್‌ಗಳಿದ್ದರೆ ಅವನ್ನೂ ಹುಡುಕಿ ಒಯ್ಯಿರಿ. ಐದು ವರ್ಷದ ಹಿಂದೆಯೂ ಇದೇ ಕಲೆ ಇದೇ ಜಾಗದಲ್ಲಿ ಇದೇ ಅಳತೆಯಲ್ಲಿ ಇತ್ತೆಂದು ತಿಳಿದರೆ ಹಲವು ಬಾರಿ ಮುಂದಿನ ಪರೀಕ್ಷೆಯೇ ಬೇಕಾಗುವುದಿಲ್ಲ. ತಾಯಿ, ಅಕ್ಕತಂಗಿ, ಮಗಳು, ಚಿಕ್ಕಮ್ಮ, ಸೋದರತ್ತೆ ಇವರಲ್ಲಿ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಯಾವ ವಯಸ್ಸಿನಲ್ಲಿ ಎಂಬುದನ್ನೂ, ನೀವು ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರನ್ನೂ ಬರೆದಿಟ್ಟುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಪರೀಕ್ಷೆಯ ದಿನ

ಬೆಳಿಗ್ಗೆ ಸ್ನಾನ ಮಾಡಿ, ಆದರೆ ಕಂಕುಳು ಮತ್ತು ಎದೆಯ ಭಾಗಕ್ಕೆ ಪೌಡರ್, ಡಿಯೋಡರೆಂಟ್, ಕ್ರೀಮು ಯಾವುದೂ ಬೇಡ; ಪೌಡರಿನ ಪುಡಿ ಚಿತ್ರದಲ್ಲಿ ಕ್ಯಾಲ್ಸಿಯಂ ಕಣಗಳಂತೆಯೇ ಕಂಡು ಇಲ್ಲದ ಗೊಂದಲ ತರುತ್ತದೆ. ಸೀರೆ ರವಿಕೆಯಾಗಲಿ, ಮೇಲಂಗಿ ಬೇರೆಯಿರುವ ಚೂಡಿದಾರವಾಗಲಿ ಅನುಕೂಲ, ಸೊಂಟದಿಂದ ಮೇಲೆ ಮಾತ್ರ ತೆಗೆದರೆ ಸಾಕಾಗುತ್ತದೆ. ಉಪವಾಸ ಬೇಕಿಲ್ಲ, ತಿಂಡಿ ತಿಂದೇ ಹೋಗಬಹುದು. ಸರಗಳು ಚಿತ್ರಕ್ಕೆ ಅಡ್ಡ ಬರುತ್ತವೆ. ಮಾಂಗಲ್ಯ ತೆಗೆಯಲು ಮನಸ್ಸೊಪ್ಪದವರು ಸಂಕೋಚಪಡದೆ ತಂತ್ರಜ್ಞೆಗೆ ಮೊದಲೇ ಹೇಳಿದರೆ, ಸಾಮಾನ್ಯವಾಗಿ ಅದನ್ನು ಬೆನ್ನ ಹಿಂದಕ್ಕೆ ಸರಿಸಿ ಚಿತ್ರ ತೆಗೆಯುತ್ತಾರೆ, ಎಂ.ಆರ್.ಐ. ಹೇಳಿದ್ದರೆ ಮಾತ್ರ ಲೋಹದ್ದು ಯಾವುದೂ ಮೈಮೇಲೆ ಇರಕೂಡದು. ಗರ್ಭಿಣಿಯಾಗಿದ್ದರೆ, ಆಗಿರುವ ಸಾಧ್ಯತೆ ಇದ್ದರೆ, ಮಗುವಿಗೆ ಹಾಲುಣಿಸುತ್ತಿದ್ದರೆ ಒಳಗೆ ಹೋಗುವ ಮುನ್ನವೇ ತಿಳಿಸಬೇಕು.

ಈ ಬಾರಿ ಚಿತ್ರ ತೆಗೆಯುವಾಗ ಅನುಮಾನವಿರುವ ಜಾಗವನ್ನಷ್ಟೇ ಚಿಕ್ಕ ಫಲಕದಿಂದ ಒತ್ತುತ್ತಾರೆ. ಒತ್ತುವಿಕೆ ಹಿಂದಿನದಕ್ಕಿಂತ ಬಿಗಿಯಾಗಿರಬಹುದು, ಆದರೆ ಕೆಲವೇ ಸೆಕೆಂಡುಗಳ ಮಾತು. ಮೇಲಿಂದ ಮೇಲೆ ಬಿದ್ದ ಸಹಜ ಅಂಗಾಂಶವಾಗಿದ್ದರೆ ಹೀಗೆ ಒತ್ತಿದಾಗ ಹರಡಿಕೊಂಡು ‘ಗಂಟು’ ಮಾಯವಾಗುತ್ತದೆ. ನಿಜವಾದ ಗಡ್ಡೆ ಹಾಗೆ ಕರಗುವುದಿಲ್ಲ. ಕ್ಯಾಲ್ಸಿಯಂ ಕಣಗಳಿಗಾದರೆ ಹಿಗ್ಗಿಸಿದ ಚಿತ್ರ ತೆಗೆಯುತ್ತಾರೆ. ಪದೇ ಪದೇ ಎಕ್ಸ್‌ರೇ ಎಂಬ ಅಂಜಿಕೆಗೆ ಹೇಳುವುದಾದರೆ, ಒಂದು ಪೂರ್ಣ ಮ್ಯಾಮೊಗ್ರಾಂನ ವಿಕಿರಣ ಸುಮಾರು 0.4 ಮಿಲಿಸೀವರ್ಟ್, ಏನೂ ಮಾಡಿಸದೆ ಮನೆಯಲ್ಲಿ ಕುಳಿತವರಿಗೂ ಪ್ರಕೃತಿಯಿಂದ ಸುಮಾರು ಏಳು ವಾರಗಳಲ್ಲಿ ತಗಲುವಷ್ಟು.

ಆಮೇಲೆ ಸ್ಕ್ಯಾನಿಂಗ್. ಗರ್ಭಿಣಿಯರಿಗೆ ಮಾಡುವ ಯಂತ್ರವೇ ಇದು, ವಿಕಿರಣವಿಲ್ಲ. ಒಳಗೆ ಬರೀ ನೀರಿರುವ ಗುಳ್ಳೆ ಇದರಲ್ಲಿ ಅಚ್ಚುಕಟ್ಟಾಗಿ ಗುರುತು ಸಿಗುತ್ತದೆ, ಅದಕ್ಕೆ ಚಿಕಿತ್ಸೆಯೇ ಬೇಡ. ಬಹಳಷ್ಟು ಮಹಿಳೆಯರ ಪ್ರಕರಣ ಇಲ್ಲಿಗೆ ಮುಗಿಯುತ್ತದೆ. ಮುಗಿದಿದ್ದರೆ ‘ಏನೂ ಇಲ್ಲ ಹೋಗಮ್ಮ’ ಎಂಬ ಬಾಯಿಮಾತಿಗೆ ಎದ್ದು ಬರದೆ, ಮೊದಲಿನ 0 ಈಗ ಯಾವ ಅಂಕಿಗೆ ಬದಲಾಯಿತು ಎಂಬುದಿರುವ ಹೊಸ ರಿಪೋರ್ಟನ್ನು ಕೇಳಿ ಪಡೆಯಿರಿ.

ಐದನೆಯ ಹೆಜ್ಜೆ: ಬಯಾಪ್ಸಿ ಬೇಕೆಂದರೆ

ಅತಿ ಹೆಚ್ಚು ಜನ ಹಿಂದೆ ಸರಿಯುವುದು ಇಲ್ಲಿಯೇ. ‘ಸೂಜಿ ಚುಚ್ಚಿದರೆ ಕೆರಳಿ ಮೈಗೆಲ್ಲಾ ಹರಡುತ್ತದೆ’ ಎಂಬ ಮಾತನ್ನು ಓದಿದವರೂ ಆಡುತ್ತಾರೆ. ಸೂಜಿ ಬಯಾಪ್ಸಿಯಿಂದ ರೋಗಿಯ ಸ್ಥಿತಿ ಹದಗೆಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬಯಾಪ್ಸಿ ಬೇಡವೆಂದು ವರ್ಷವಿಡೀ ನಾಟಿ ಔಷಧಿಯಲ್ಲಿ ಕಳೆದು ಕೊನೆಗೆ ಬರುವವರಲ್ಲಿ ರೋಗ ಹರಡಿರುವುದಕ್ಕೆ ಕಾರಣ ಕಳೆದುಹೋದ ಆ ವರ್ಷ. ಕೊನೆಯಲ್ಲಿ ಚುಚ್ಚಿದ ಸೂಜಿಯ ಮೇಲೆ ಅಪವಾದ ಬರುತ್ತದೆ ಅಷ್ಟೆ.

ಸೂಜಿ ಪರೀಕ್ಷೆಯಲ್ಲಿ ಎರಡು ಬಗೆ. ಎಫ್.ಎನ್.ಎ.ಸಿ. ಎಂಬುದರಲ್ಲಿ ಸಣ್ಣ ಸೂಜಿಯಿಂದ ಜೀವಕೋಶಗಳನ್ನಷ್ಟೇ ಹೀರಿ ಗಾಜಿನ ಪಟ್ಟಿಯ ಮೇಲೆ ಹಚ್ಚುತ್ತಾರೆ. ಬೇಗ ಆಗುತ್ತದೆ, ಖರ್ಚೂ ಕಡಿಮೆ. ಕೋರ್ ಬಯಾಪ್ಸಿ ಅಥವಾ ಟ್ರೂಕಟ್ ಎಂಬುದರಲ್ಲಿ ದಪ್ಪ ಸೂಜಿಯಿಂದ ದಾರದ ಎಳೆಯಷ್ಟು ಅಂಗಾಂಶದ ತುಂಡುಗಳನ್ನು ತೆಗೆಯುತ್ತಾರೆ. ಕ್ಯಾನ್ಸರ್ ನಾಳದೊಳಗೇ ಇದೆಯೋ ಹೊರಗೆ ಹಬ್ಬಿದೆಯೋ ಎಂಬುದನ್ನು ಜೀವಕೋಶ ಮಾತ್ರ ನೋಡಿ ಹೇಳಲಾಗದು. ಚಿಕಿತ್ಸೆ ನಿರ್ಧರಿಸುವ ಇ.ಆರ್., ಪಿ.ಆರ್. (ಇವೆರಡು ಹಾರ್ಮೋನ್‌ಗೆ ಸಂಬಂಧಿಸಿದವು), ಹರ್-2 (ಒಂದು ಬಗೆಯ ಪ್ರೋಟೀನ್) ಪರೀಕ್ಷೆಗಳಿಗೂ ಅಂಗಾಂಶದ ತುಂಡೇ ಸರಿ. ಆದ್ದರಿಂದ ಎಫ್.ಎನ್.ಎ.ಸಿ. ಬರೆದುಕೊಟ್ಟಿದ್ದರೆ ‘ಡಾಕ್ಟ್ರೇ, ನೇರವಾಗಿ ಕೋರ್ ಬಯಾಪ್ಸಿಯನ್ನೇ ಮಾಡಬಹುದೇ?’ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ‘ಸಣ್ಣ ಗಂಟು, ಕೊಯ್ದು ತೆಗೆದೇಬಿಡೋಣ, ಆಮೇಲೆ ಪರೀಕ್ಷೆಗೆ ಕಳಿಸೋಣ’ ಎಂಬ ಸಲಹೆ ಬಂದರೆ ಮಾತ್ರ ಒಪ್ಪುವ ಮೊದಲು ಇನ್ನೊಬ್ಬರನ್ನು ಕೇಳಿ. ಮೊದಲು ಸೂಜಿ, ಆಮೇಲೆ ಕತ್ತಿ ಎಂಬುದೇ ಕ್ರಮ. ಯೋಜನೆಯಿಲ್ಲದೆ ತೆಗೆದ ಗಂಟು ಕ್ಯಾನ್ಸರ್ ಎಂದು ಆಮೇಲೆ ಗೊತ್ತಾದರೆ ಮತ್ತೊಂದು ಶಸ್ತ್ರಚಿಕಿತ್ಸೆಯಾಗಬೇಕಾಗುತ್ತದೆ, ಸ್ತನ ಉಳಿಸುವ ಅವಕಾಶವೂ ಕಡಿಮೆಯಾಗಬಹುದು.

ಕೋರ್ ಬಯಾಪ್ಸಿಗೆ ಆ ಜಾಗವನ್ನಷ್ಟೇ ಮರಗಟ್ಟಿಸುತ್ತಾರೆ. ಸ್ಕ್ಯಾನಿಂಗ್ ಪರದೆ ನೋಡುತ್ತಾ ಸೂಜಿ ಇಳಿಸುತ್ತಾರೆ. ಪ್ರತಿ ತುಂಡಿಗೂ ‘ಟಕ್’ ಎಂಬ ಜೋರು ಸದ್ದಾಗುತ್ತದೆ, ಮೊದಲೇ ತಿಳಿದಿದ್ದರೆ ಬೆಚ್ಚುವುದು ತಪ್ಪುತ್ತದೆ. ಹೊಲಿಗೆ ಬೇಕಾಗುವುದಿಲ್ಲ, ಅಂದೇ ಮನೆಗೆ ಹೋಗಬಹುದು. ಒಂದೆರಡು ದಿನ ಬಿಂದಿಗೆ, ಹುಲ್ಲಿನ ಹೊರೆ ಎತ್ತಬಾರದು. ಚರ್ಮ ಕಪ್ಪುನೀಲಿಗಟ್ಟುವುದು ಸಹಜ. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಬಾವು ಏರುತ್ತಾ ಹೋದರೆ ಮಾತ್ರ ಮರಳಿ ತೋರಿಸಬೇಕು. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ತಾವಾಗಿಯೇ ನಿಲ್ಲಿಸದೆ, ಬಯಾಪ್ಸಿಯ ದಿನ ಗೊತ್ತು ಮಾಡುವಾಗಲೇ ವೈದ್ಯರಿಗೆ ತಿಳಿಸಬೇಕು.

ತುಂಡು ತೆಗೆದ ಮೇಲೆ ಅದನ್ನು ಫಾರ್ಮಲಿನ್ (ಕೆಡದಂತೆ ಕಾಪಾಡುವ ದ್ರವ) ತುಂಬಿದ ಪುಟ್ಟ ಡಬ್ಬಿಯಲ್ಲಿ ಹಾಕಿ ‘ಲ್ಯಾಬಿಗೆ ಕೊಟ್ಟು ಬನ್ನಿ’ ಎಂದು ಮನೆಯವರ ಕೈಗೇ ಕೊಡುವುದು ನಮ್ಮ ಊರುಗಳಲ್ಲಿ ಇನ್ನೂ ಇದೆ. ಆ ಡಬ್ಬಿಯನ್ನು ಹಿಡಿದವರು ಅಲ್ಲೇ ನಿಂತು ಮೂರು ಸಂಗತಿ ನೋಡಬೇಕು: ಮುಚ್ಚಳದ ಮೇಲಲ್ಲದೆ ಡಬ್ಬಿಯ ಮೈಮೇಲೇ ರೋಗಿಯ ಹೆಸರು ಬರೆದಿದೆಯೇ, ಎಡವೋ ಬಲವೋ ಎಂದು ನಮೂದಾಗಿದೆಯೇ, ತೆಗೆದ ದಿನ ಮತ್ತು ವೇಳೆ ಇದೆಯೇ. ಜೊತೆಗೆ ವೈದ್ಯರ ಚೀಟಿ ಮತ್ತು ಸ್ಕ್ಯಾನಿಂಗ್ ರಿಪೋರ್ಟಿನ ಪ್ರತಿ ಇರಬೇಕು. ಡಬ್ಬಿಯನ್ನು ಅಂದೇ ಲ್ಯಾಬಿಗೆ ತಲುಪಿಸಿ. ಹಾರ್ಮೋನ್ ಮತ್ತು ಹರ್-2 ಪರೀಕ್ಷೆ ಸರಿಯಾಗಿ ಬರಬೇಕಾದರೆ ತುಂಡು ಫಾರ್ಮಲಿನ್‌ನಲ್ಲಿ ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ ಇರಬೇಕೆಂಬ ನಿಯಮವಿದೆ. ಶನಿವಾರ ತೆಗೆದ ಡಬ್ಬಿ ಹಬ್ಬದ ರಜೆಯೆಂದು ಬುಧವಾರದವರೆಗೆ ಮನೆಯ ಕಿಟಕಿಯಲ್ಲಿ ಕುಳಿತರೆ ಆ ಪರೀಕ್ಷೆಯ ಫಲಿತಾಂಶ ನಂಬಲಾಗದು.

ಆರನೆಯ ಹೆಜ್ಜೆ: ಫಲಿತಾಂಶ ಬಂದ ಮೇಲೆ

ಬಯಾಪ್ಸಿ ಫಲಿತಾಂಶಕ್ಕೆ ಸಾಮಾನ್ಯವಾಗಿ ಕೆಲವು ದಿನ, ಹೆಚ್ಚಿನ ಪರೀಕ್ಷೆ ಸೇರಿದರೆ ಇನ್ನೂ ಒಂದಿಷ್ಟು ದಿನ ಹಿಡಿಯುತ್ತದೆ. ‘ಬಿನೈನ್’ ಎಂದು ಬಂದರೆ ಕ್ಯಾನ್ಸರ್ ಅಲ್ಲ. ಆದರೂ ಒಂದು ಪ್ರಶ್ನೆಯನ್ನು ಕೇಳಿಯೇ ಹೊರಬನ್ನಿ: ಚಿತ್ರದಲ್ಲಿ ಕಂಡದ್ದಕ್ಕೂ ಬಯಾಪ್ಸಿಯಲ್ಲಿ ಬಂದದ್ದಕ್ಕೂ ತಾಳೆಯಾಗುತ್ತದೆಯೇ? ಮ್ಯಾಮೊಗ್ರಾಂನಲ್ಲಿ 5 ಎಂದು ಬರೆದು ಬಯಾಪ್ಸಿಯಲ್ಲಿ ಏನೂ ಇಲ್ಲ ಎಂದರೆ ಸೂಜಿ ಸರಿಯಾದ ಜಾಗಕ್ಕೆ ತಲುಪದಿರುವ ಸಾಧ್ಯತೆ ಇರುತ್ತದೆ, ಆಗ ಬಯಾಪ್ಸಿಯನ್ನು ಮತ್ತೆ ಮಾಡಬೇಕು. ‘ಅಟಿಪಿಕಲ್’ (ಜೀವಕೋಶಗಳು ಸಹಜವಾಗಿಲ್ಲ) ಎಂಬ ಪದ ಬಂದಿದ್ದರೆ ಅದು ಕ್ಯಾನ್ಸರ್ ಅಲ್ಲವಾದರೂ ತಜ್ಞರ ಬಳಿ ಪ್ರತ್ಯೇಕವಾಗಿ ಚರ್ಚಿಸಬೇಕಾದ ವಿಷಯ.

ಕ್ಯಾನ್ಸರ್ ಎಂದೇ ಬಂದರೆ, ಊರು ಬಿಡುವ ಮೊದಲು ಲ್ಯಾಬಿನಿಂದ ಗಾಜಿನ ಸ್ಲೈಡುಗಳನ್ನೂ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಪಡೆದುಕೊಳ್ಳಿ; ಬೇರೆ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಕೊಡುವವರಿಗೆ ಬರೀ ಕಾಗದ ಸಾಕಾಗುವುದಿಲ್ಲ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ (ಕ್ಯಾನ್ಸರ್ ಆಸ್ಪತ್ರೆ), ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಎರಡೂ ದಾವಣಗೆರೆಯಿಂದ ರೈಲಿನಲ್ಲಿ ಹೋಗಿಬರಬಹುದಾದ ದೂರದಲ್ಲಿವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಯಾವ ಪರೀಕ್ಷೆ ಯೋಜನೆಯೊಳಗೆ ಬರುತ್ತದೆ, ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರ (ಯೋಜನೆಯ ಬಗ್ಗೆ ನೆರವಾಗುವ ಸಿಬ್ಬಂದಿ) ಬಳಿ, ಹಣ ಕಟ್ಟುವ ಮೊದಲೇ ವಿಚಾರಿಸಬೇಕು. ಆಧಾರ್ ಮತ್ತು ಪಡಿತರ ಚೀಟಿಯಲ್ಲಿ ಹೆಸರಿನ ಕಾಗುಣಿತ ಬೇರೆ ಬೇರೆ ಇದ್ದರೆ ಕೌಂಟರಿನಲ್ಲಿ ಅರ್ಧ ದಿನ ಅದಕ್ಕೇ ಹೋಗುತ್ತದೆ.

ಏಳನೆಯ ಹೆಜ್ಜೆ: ‘ಆರು ತಿಂಗಳಿಗೆ ಬನ್ನಿ’ ಎಂದವರು

ಅಂಕಿ 3 ಬಂದವರಿಗೆ ಸೂಜಿಯ ಬದಲು ಕಾದು ನೋಡುವ ದಾರಿಯನ್ನು ಹೇಳುತ್ತಾರೆ: ಸಾಮಾನ್ಯವಾಗಿ 6, 12 ಮತ್ತು 24ನೆಯ ತಿಂಗಳಲ್ಲಿ ಮತ್ತೆ ಚಿತ್ರ. ಎರಡು ವರ್ಷ ಬದಲಾವಣೆ ಕಾಣದಿದ್ದರೆ ಅದನ್ನು ನಿರಪಾಯಕಾರಿ ಎಂದು ಪರಿಗಣಿಸುತ್ತಾರೆ. ಈ ದಾರಿ ಸುರಕ್ಷಿತವಾಗುವುದು ಹೇಳಿದ ತಿಂಗಳಿಗೆ ಹೋದರೆ ಮಾತ್ರ. ಬಾರದೇ ಹೋಗುವ ಸಂಭವವಿದ್ದರೆ, ಉದಾಹರಣೆಗೆ ಮಗಳ ಬಾಣಂತನಕ್ಕೆಂದು ದೂರದೂರಿಗೆ ಹೋಗುವುದಿದ್ದರೆ, ಅದನ್ನು ಮೊದಲೇ ವೈದ್ಯರಿಗೆ ಹೇಳಿ ಈಗಲೇ ಬಯಾಪ್ಸಿ ಮಾಡುವುದು ಸೂಕ್ತವೇ ಎಂದು ಕೇಳಬಹುದು. ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಮಾತ್ರ ಗುರುತು ಹಾಕಿದರೆ ಡಿಸೆಂಬರ್‌ಗೆ ಆ ಕ್ಯಾಲೆಂಡರೇ ಗೋಡೆಯಿಂದ ಇಳಿಯುತ್ತದೆ, ಆದ್ದರಿಂದ ಮೊಬೈಲ್‌ನಲ್ಲೂ ರಿಪೋರ್ಟಿನ ಕವರಿನ ಮೇಲೂ ಬರೆದಿಡಿ.

ಎಲ್ಲವೂ ಸರಿಯಿದೆ ಎಂದು ಬಂದವರು ಮುಂದಿನ ಮ್ಯಾಮೊಗ್ರಾಂ ಯಾವಾಗ ಎಂದು ಕೇಳಿಕೊಂಡು ಬರಬೇಕು. ನಡುವಿನ ಅವಧಿಯಲ್ಲಿ ಸ್ತನದಲ್ಲಿ ಯಾವುದೇ ಹೊಸ ಬದಲಾವಣೆ ಕಂಡರೆ ಆ ದಿನಾಂಕಕ್ಕೆ ಕಾಯಬೇಕಿಲ್ಲ. 30 ವರ್ಷ ದಾಟಿದ ಮಹಿಳೆಯರಿಗೆ ಸರಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಡಿ ಆರೋಗ್ಯ ಕೇಂದ್ರಗಳಲ್ಲಿ ಕೈಯಿಂದ ಸ್ತನ ಪರೀಕ್ಷೆ ಮಾಡುವ ವ್ಯವಸ್ಥೆ ಇದೆ. ಹತ್ತಿರದ ಕೇಂದ್ರದಲ್ಲಿ ತೋರಿಸಿ, ಹಿಂದೊಮ್ಮೆ ಮತ್ತೆ ಕರೆದಿದ್ದರು ಎಂಬುದನ್ನು ಹೇಳಿ ಅಲ್ಲಿಂದಲೇ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಬಹುದು.